ಮಗು ಓದಬಲ್ಲುದೆ?

ಎರಡನೆಯ ತರಗತಿಯ ಬಾಲಕನೊಬ್ಬನು ನಮ್ಮೆದುರು ನಿಂತು, ಪುಸ್ತಕವನ್ನು ಹಿಡಿದು, ಪಾಠವನ್ನು ಒಂದಕ್ಷರವೂ ತಪ್ಪದಂತೆ ಓದಿದನು. ನಾವು ಸಂತೋಷದಿಂದ ‘ಉತ್ತಮ’ ಎಂದು ಬರೆದುಕೊಂಡೆವು. ವರ್ಷದ ಕೊನೆಯಲ್ಲಿ ಒಂದು ದಿನ ಅವನು ಹೀಗೆಯೇ ಓದುತ್ತಿರಲು ಗಾಳಿಗೆ ಹಾಳೆ ಮಗುಚಿತು. ಓದು ಮಾತ್ರ ನಿಲ್ಲಲಿಲ್ಲ! ಅದೇ ಪಾಠದ ಪದವೊಂದನ್ನು ಕರಿಹಲಗೆಯ ಮೇಲೆ ಬಿಡಿಯಾಗಿ ಬರೆದು ತೋರಿಸಿದೆವು. ಹುಡುಗನು ನೆಲವನ್ನು ನೋಡಿದನು. ಅವನು ಓದುತ್ತಿರಲಿಲ್ಲ, ಒಪ್ಪಿಸುತ್ತಿದ್ದನು. ಒಂದು ವರ್ಷವು ವ್ಯರ್ಥವಾಗಿದ್ದಿತು. ತಪ್ಪು ಅವನದಲ್ಲ, ಪರೀಕ್ಷಿಸಲರಿಯದ ನಮ್ಮದು.

ಬಾಯಿಪಾಠವನ್ನು ನಾವು ಹಳಿಯುವವರಲ್ಲ. ಅಮರಕೋಶವನ್ನು ಕಂಠಸ್ಥ ಮಾಡಿಯೇ ಬೆಳೆದವರು ನಾವು. ಆದರೆ ಕಂಠಪಾಠವೇ ಬೇರೆ, ಓದೇ ಬೇರೆ. ಆದುದರಿಂದ ಮಗುವು ಹಿಂದೆಂದೂ ನೋಡದ ಬರಹವನ್ನೇ ಅದರ ಮುಂದಿಡತಕ್ಕದ್ದು.

‘ಪ್ರಥಮ್’ ಸಂಸ್ಥೆಯವರು 2005ರಲ್ಲಿ ಆರಂಭಿಸಿದ ‘ಅಸರ್’ ಸಮೀಕ್ಷೆಯ ಕ್ರಮವು ಗೃಹಸ್ಥರಿಗೂ ಸುಲಭವಾದುದು. ಅವರು ಹಳ್ಳಿಯ ಮನೆಗಳಿಗೇ ಹೋಗಿ, ಒಂದೊಂದು ಮಗುವನ್ನೂ ಪ್ರತ್ಯೇಕವಾಗಿ ಓದಿಸುವರು. ಮೊದಲು ಒಂದನೆಯ ತರಗತಿಯ ಮಟ್ಟದ ನಾಲ್ಕು ಸಾಲು. ಸರಾಗವಾಗಿ ಓದಿದರೆ ಎರಡನೆಯ ತರಗತಿಯ ಮಟ್ಟದ ಕಥೆ. ಓದದಿದ್ದರೆ ಬಿಡಿ ಪದಗಳು. ಅವೂ ಬಾರದಿದ್ದರೆ ಅಕ್ಷರಗಳು. ಪದಗಳಲ್ಲಾಗಲಿ ಅಕ್ಷರಗಳಲ್ಲಾಗಲಿ ಐದಕ್ಕೆ ನಾಲ್ಕು ಸರಿಯಾದರೆ ಆ ಮೆಟ್ಟಿಲನ್ನು ಹತ್ತಿದಂತೆ ಎಣಿಸುವರು. ಹತ್ತು ನಿಮಿಷಗಳ ಕೆಲಸ.

ಆದರೆ ಮಗುವು ಎಡವಿದ ಸ್ಥಳವನ್ನು ಗುರುತಿಸುವುದೇ ನಿಜವಾದ ಪರೀಕ್ಷೆ. ವರ್ಣಮಾಲೆಯನ್ನು ಕಲಿತಮಾತ್ರಕ್ಕೆ ಕನ್ನಡದ ಓದು ಮುಗಿಯಲಿಲ್ಲ. ಗುಣಿತಾಕ್ಷರ, ಒತ್ತಕ್ಷರಗಳು ಸೇರಿದರೆ ಗುರುತಿಸಬೇಕಾದ ರೂಪಗಳು ನೂರಾರು. ಈ ಕಲಿಕೆಯು ನಾಲ್ಕನೆಯ ತರಗತಿಯವರೆಗೂ ಸಾಗುವುದೆಂದು ಕನ್ನಡದ ಮಕ್ಕಳನ್ನೇ ಕುರಿತ ಅಧ್ಯಯನಗಳು ತೋರಿಸಿವೆ. ಆರು ವರ್ಷದ ಕೂಸು ಒತ್ತಿನಲ್ಲಿ ತಡೆದರೆ ಗಾಬರಿಪಡುವ ತಾಯ್ತಂದೆಗಳು ಇದನ್ನು ನೆನೆಯಬೇಕು. ‘ಸೂರ್ಯ’ ಎಂಬುದನ್ನು ಮಗುವೊಂದು ‘ಸೂಯರ’ ಎಂದು ಓದಿತೆನ್ನೋಣ. ಅದು ದಡ್ಡ ಮಗುವಲ್ಲ. ಅರ್ಕಾವೊತ್ತಿನ ರೇಫವನ್ನು ಮೊದಲು ಉಚ್ಚರಿಸುತ್ತೇವೆ, ಗುರುತನ್ನಾದರೋ ಯಕಾರದ ಬಳಿಕ ಬರೆಯುತ್ತೇವೆ. ಕಣ್ಣಿಗೆ ಕಂಡ ಕ್ರಮದಲ್ಲಿಯೇ ಅದು ಓದಿದೆ. ಅದಕ್ಕೆ ಕಲಿಸಬೇಕಾದುದು ಅರ್ಕಾವೊತ್ತೊಂದೇ. ‘ವ’ವನ್ನು ‘ಮ’ ಎಂದರೆ ಬೇರೆ ಪಾಠ ಬೇಕು. ಇನ್ನು ‘ಹಾಲು’ ಎಂಬುದನ್ನು ‘ಆಲು’ ಎಂದೋದಿ, ಏನೆಂದು ಕೇಳಿದರೆ ಹಸುವಿನ ಕಡೆಗೆ ಕೈತೋರುವ ಮಗುವಿನ ಓದಿನಲ್ಲಿ ತಪ್ಪೇ ಇಲ್ಲ. ಅದು ಮನೆಮಾತಿನ ಉಚ್ಚಾರಣೆ. ಇಂತಹ ಮಕ್ಕಳ ಅಂಕಗಳನ್ನು ಕಳೆದ ಉಪಾಧ್ಯಾಯರನ್ನು ನಾವು ಬಹಳ ಮಂದಿ ಕಂಡಿದ್ದೇವೆ.

ಓದಿಸಿದ ಮೇಲೆ ಅರ್ಥವನ್ನು ಕೇಳಲೇಬೇಕು. ಅರ್ಥವನ್ನರಿಯದೆ ವೇದವನ್ನು ಕಲಿತವನನ್ನು ಯಾಸ್ಕರ ನಿರುಕ್ತವು ಹೊರೆ ಹೊತ್ತ ಕಂಬಕ್ಕೆ ಹೋಲಿಸುತ್ತದೆ. 2021ರಲ್ಲಿ ಕೇಂದ್ರ ಸರ್ಕಾರವು ಆರಂಭಿಸಿದ ‘ನಿಪುಣ ಭಾರತ’ವೂ ಮೂರನೆಯ ತರಗತಿಯ ಅಂತ್ಯಕ್ಕೆ ಅರ್ಥಸಹಿತವಾದ ಓದನ್ನೇ ಗುರಿಯಾಗಿ ಇಟ್ಟಿತು.

ಮನೆಯಲ್ಲಿ ಪರೀಕ್ಷಿಸುವವರು ನೆಂಟರ ಮುಂದೆ ಓದಿಸಬಾರದು, ಪಕ್ಕದ ಮನೆಯ ಮಗುವಿನ ಹೆಸರನ್ನು ಎತ್ತಬಾರದು. ತಡೆದ ಅಕ್ಷರಗಳನ್ನು ಬರೆದಿಟ್ಟು, ಅವನ್ನೇ ಕಲಿಸಿ, ತಿಂಗಳಾದ ಮೇಲೆ ಹೊಸ ಬರಹವೊಂದನ್ನು ಕೊಟ್ಟು ನೋಡಿದರೆ ಸಾಕು.

ನಮ್ಮ ಆ ಹುಡುಗನನ್ನು ಮರುವರ್ಷ ಪ್ರತಿದಿನವೂ ಹತ್ತಿರ ಕೂರಿಸಿಕೊಂಡೆವು. ಪಠ್ಯಪುಸ್ತಕವನ್ನು ಮುಟ್ಟಲಿಲ್ಲ. ಆರು ತಿಂಗಳಾದ ಮೇಲೆ ಒಂದು ಸಂಜೆ, ಅಂಗಡಿಯ ಬಾಗಿಲಲ್ಲಿ ತೂಗಹಾಕಿದ್ದ ಧಾರಣೆಯ ಹಲಗೆಯನ್ನು ಅವನು ತನ್ನಷ್ಟಕ್ಕೆ ಓದುತ್ತ ನಿಂತಿದ್ದನು. ‘ರಾಗಿ’ ಬಂದಿತು, ‘ಬೇಳೆ’ ಬಂದಿತು. ‘ಅಕ್ಕಿ’ಯ ಒತ್ತಿನಲ್ಲಿ ತಡೆದು, ಬೆರಳಿಟ್ಟು ನೋಡಿ, ನಾವು ಬಾಯಿ ತೆರೆಯುವ ಮೊದಲೇ ಓದಿಬಿಟ್ಟನು.