ತಂತಿ ಆರು, ಕಂಠ ನೂರು

ಕಳೆದ ಮಳೆಗಾಲದ ಕೊನೆಯಲ್ಲಿ ನಮ್ಮ ಧರ್ಮಕೇಂದ್ರದ ತಾಯಿಯೊಬ್ಬರು ತಮ್ಮ ಹದಿನೇಳು ವರ್ಷದ ಮಗನನ್ನು ಕರೆದುಕೊಂಡು ಗುರುನಿವಾಸಕ್ಕೆ ಬಂದರು. ಮಗನ ಹೆಗಲ ಮೇಲೆ ಬಟ್ಟೆಯ ಚೀಲದಲ್ಲಿ ಒಂದು ಗಿಟಾರ್. ತಾಯಿಯ ಕೈಯಲ್ಲಿ ಬೆನ್ನು ಕಳಚಿ, ದಾರದಿಂದ ಕಟ್ಟಿದ್ದ ಒಂದು ಪುಸ್ತಕ. ಎರಡೂ ಮೂರು ವಾರಗಳ ಹಿಂದೆ ನಾವು ಮಣ್ಣಿಗಿಟ್ಟ ಆ ಮನೆಯ ಯಜಮಾನರಿಗೆ ಸೇರಿದವು. ಮುಂಬಯಿಯಲ್ಲಿ ಉದ್ಯೋಗದಲ್ಲಿದ್ದ ದಿನಗಳಲ್ಲಿ ರಸ್ತೆ ಬದಿಯ ಹಳೆಯ ಪುಸ್ತಕಗಳ ರಾಶಿಯಿಂದ ಅವರು ಅದನ್ನು ಕೊಂಡು ತಂದಿದ್ದರಂತೆ. ಅಮೆರಿಕದ ಜಾನಪದ ಗಾಯಕ ಪೀಟ್ ಸೀಗರ್ ಹಾಡುತ್ತಿದ್ದ ಗೀತೆಗಳ ಸಂಗ್ರಹವದು. ‘ಅಮೆರಿಕನ್ ಫೇವರಿಟ್ ಬ್ಯಾಲಡ್ಸ್’ ಎಂಬ ಹೆಸರಿನಲ್ಲಿ 1961ರಲ್ಲಿ ಪ್ರಕಟವಾದುದು.

“ಸ್ವಾಮಿ, ತಿಂಗಳ ಪೂಜೆಯಲ್ಲಿ ಅಪ್ಪನ ಹಾಡನ್ನು ತಾನೇ ಹಾಡಬೇಕು ಅಂತಾನೆ. ನೀವು ಒಪ್ಪಬೇಕು” ಎಂದರು ತಾಯಿ. ಹುಡುಗ ನೆಲ ನೋಡುತ್ತಾ ನಿಂತಿದ್ದ. ಪುಸ್ತಕದ ನಡುವೆ ಮಡಿಸಿಟ್ಟಿದ್ದ ಹಾಳೆಯೊಂದರಲ್ಲಿ ತಂದೆ ಕೈಯಾರೆ ಬರೆದುಕೊಂಡಿದ್ದ ಹಾಡು ಅದು. ಸೀಗರ್ ಅವರದೇ ‘ಟರ್ನ್, ಟರ್ನ್, ಟರ್ನ್’. ಆ ಕ್ಷಣಕ್ಕೆ ನನ್ನಲ್ಲಿ ಸಿದ್ಧ ಉತ್ತರವಿರಲಿಲ್ಲ. ಪುಸ್ತಕವನ್ನು ಎರಡು ದಿನ ನನ್ನಲ್ಲಿ ಬಿಟ್ಟುಹೋಗುವಂತೆ ಕೇಳಿಕೊಂಡೆ.

ಈ ಸೀಗರ್ ಯಾರೆಂಬುದನ್ನು ನಮ್ಮ ಓದುಗರಿಗೆ ಸ್ವಲ್ಪ ತಿಳಿಸಬೇಕು. 1919ರಲ್ಲಿ ನ್ಯೂಯಾರ್ಕಿನಲ್ಲಿ ಜನಿಸಿದ ಇವರ ತಂದೆ ಸಂಗೀತಶಾಸ್ತ್ರಜ್ಞ, ತಾಯಿ ಪಿಟೀಲು ವಾದಕಿ. ಹಾರ್ವರ್ಡ್ ವಿಶ್ವವಿದ್ಯಾಲಯದ ಓದನ್ನು ನಡುವೆಯೇ ಬಿಟ್ಟು, ರೈತರ, ಗಣಿ ಕಾರ್ಮಿಕರ, ಕರಿಯ ಜನರ ಹಾಡುಗಳನ್ನು ಅರಸಿ ಹೊರಟವರು. ಯೌವನದಲ್ಲಿ ಕಮ್ಯುನಿಸ್ಟ್ ಪಕ್ಷದಲ್ಲಿದ್ದರು; ಸ್ಟಾಲಿನನ ಕ್ರೌರ್ಯವನ್ನು ಸಕಾಲದಲ್ಲಿ ಕಾಣದೆ ಹೋದುದಕ್ಕೆ ಮುಂದೆ ತಾವೇ ವಿಷಾದಿಸಿದರು. 1955ರಲ್ಲಿ ಸಂಸತ್ತಿನ ವಿಚಾರಣಾ ಸಮಿತಿಯೊಂದು ಅವರ ಒಡನಾಟಗಳನ್ನು ಪ್ರಶ್ನಿಸಿದಾಗ ಉತ್ತರಿಸಲು ನಿರಾಕರಿಸಿದರು. 1961ರಲ್ಲಿ ಅದಕ್ಕಾಗಿ ಒಂದು ವರ್ಷದ ಸೆರೆವಾಸದ ತೀರ್ಪಾಯಿತು. ಮರುವರ್ಷವೇ ಮೇಲಿನ ನ್ಯಾಯಾಲಯ ಅದನ್ನು ರದ್ದುಗೊಳಿಸಿತು. ದೂರದರ್ಶನದ ಬಾಗಿಲು ಬಹುಕಾಲ ಅವರಿಗೆ ಮುಚ್ಚಿಯೇ ಇತ್ತು. ಆಗ ಅವರು ಶಾಲೆಗಳಿಗೆ, ಕಾಲೇಜುಗಳಿಗೆ, ಮಕ್ಕಳ ಬೇಸಿಗೆ ಶಿಬಿರಗಳಿಗೆ ಹೋಗಿ ಹಾಡಿದರು. 2014ರ ಜನವರಿಯಲ್ಲಿ, ತಮ್ಮ 94ನೆಯ ವಯಸ್ಸಿನಲ್ಲಿ ನಿಧನರಾದರು. ‘ವಿ ಶಲ್ ಓವರ್‌ಕಮ್’ ಎಂಬ ಗೀತೆ ಲೋಕವ್ಯಾಪ್ತಿಯಾದುದರಲ್ಲಿ ಅವರ ಪಾತ್ರ ದೊಡ್ಡದು. ಗಿರಿಜಾಕುಮಾರ್ ಮಾಥುರ್ ಅವರ ಹಿಂದಿ ರೂಪದಲ್ಲಿ ನಮ್ಮ ಶಾಲೆಯ ಮಕ್ಕಳೂ ಅದನ್ನು ಬಲ್ಲರು. ಆದರೆ ಆ ಹಾಡನ್ನು ತಾವು ಸೃಷ್ಟಿಸಿದ್ದಾಗಿ ಸೀಗರ್ ಎಂದೂ ಹೇಳಿಕೊಳ್ಳಲಿಲ್ಲ. ಅದು ಕರಿಯ ಕ್ರೈಸ್ತರ ಪ್ರಾರ್ಥನಾ ಮಂದಿರಗಳಿಂದ ಹೊರಟು, ಚಾರ್ಲ್ಸ್‌ಟನ್ನಿನ ತಂಬಾಕು ಕಾರ್ಖಾನೆಯ ಮುಷ್ಕರದಲ್ಲಿ ದುಡಿಯುವ ಹೆಂಗಸರ ಬಾಯಲ್ಲಿ ಮಾರ್ಪಟ್ಟು, ಟೆನೆಸ್ಸಿಯ ಹೈಲ್ಯಾಂಡರ್ ಶಾಲೆಯ ಜಿಲ್ಫಿಯಾ ಹಾರ್ಟನ್ ಎಂಬಾಕೆಯ ಮೂಲಕ ಅವರಿಗೆ ತಲುಪಿದ್ದು.

ಅವರ ಹಾಡುಗಾರಿಕೆಯ ಒಂದು ಕ್ರಮ ನನಗೆ ವಿಶೇಷವಾಗಿ ಇಷ್ಟ. ಸಭೆಗೆ ಗೊತ್ತಿಲ್ಲದ ಹಾಡಾದರೆ ಮುಂದಿನ ಸಾಲನ್ನು ಹಾಡುವ ಮುನ್ನವೇ ಮಾತಿನಲ್ಲಿ ಹೇಳಿಕೊಟ್ಟುಬಿಡುತ್ತಿದ್ದರು. ಸಭೆ ಹಾಡತೊಡಗಿದೊಡನೆ ತಮ್ಮ ದನಿಯನ್ನು ಹಿಂದಕ್ಕೆ ಸರಿಸುತ್ತಿದ್ದರು. ಅಚ್ಚಾದ ಜಾನಪದ ಗೀತೆಯನ್ನು ಅವರು ಹಾರುತ್ತಿರುವ ಹಕ್ಕಿಯ ಛಾಯಾಚಿತ್ರಕ್ಕೆ ಹೋಲಿಸುತ್ತಿದ್ದರು. ಚಿತ್ರ ತೆಗೆಯುವ ಮುನ್ನವೂ ಹಕ್ಕಿ ಹಾರುತ್ತಿತ್ತು, ಆನಂತರವೂ ಹಾರುತ್ತಲೇ ಇರುತ್ತದೆ. ಹಾಡಿನ ಪುಸ್ತಕವನ್ನು ಕೈಗೆತ್ತಿಕೊಳ್ಳುವವರೆಲ್ಲರೂ ನೆನಪಿಡಬೇಕಾದ ಮಾತಿದು.

ಇಂತಹ ಪುಸ್ತಕದ ರಚನೆ ಬಲು ಸರಳ. ರಾಗದ ಸ್ವರಲಿಪಿ, ಅದರ ಕೆಳಗೆ ಸಾಹಿತ್ಯ, ಮೇಲುಗಡೆ ಅಲ್ಲಲ್ಲಿ ಇಂಗ್ಲಿಷಿನ ಒಂದೊಂದು ಅಕ್ಷರ: ಸಿ, ಎಫ್, ಜಿ. ಆ ಅಕ್ಷರ ಬಂದ ಜಾಗದಲ್ಲಿ ಎಡಗೈಯ ಬೆರಳುಗಳು ಸ್ಥಾನ ಬದಲಿಸಬೇಕು, ಅಷ್ಟೆ. ತೀರಿಹೋದ ಆ ಗೃಹಸ್ಥರು ಪುಟಪುಟದಲ್ಲಿಯೂ ಪೆನ್ಸಿಲಿನಿಂದ ತಿದ್ದಿದ್ದರು. ಸಿ ಇದ್ದಲ್ಲೆಲ್ಲ ಜಿ, ಎಫ್ ಇದ್ದಲ್ಲೆಲ್ಲ ಸಿ, ಜಿ ಇದ್ದಲ್ಲೆಲ್ಲ ಡಿ. ಎಫ್ ಹಿಡಿಯಲು ತೋರುಬೆರಳನ್ನು ತಂತಿಗಳ ಮೇಲೆ ಅಡ್ಡಲಾಗಿ ಮಲಗಿಸಿ ಒತ್ತಬೇಕು. ಹೊಸಬರ ಬೆರಳು ನೋಯುವುದೂ, ಅನೇಕರು ಗಿಟಾರನ್ನು ಅಟ್ಟಕ್ಕೆ ಸೇರಿಸುವುದೂ ಅಲ್ಲಿಯೇ. ಆ ಕಷ್ಟವನ್ನು ತಪ್ಪಿಸಿಕೊಳ್ಳಲು ಅವರು ಇಡೀ ಹಾಡನ್ನೇ ಬೇರೆ ಶ್ರುತಿಗೆ ಸಾಗಿಸಿದ್ದರು. ಗುರುಮಠದಲ್ಲಿ ಇಂತಹದೇ ಒಂದು ಪುಸ್ತಕದ ನೆರಳಚ್ಚು ಪ್ರತಿಯಿಂದ ಕಲಿತ ನಾನೂ ಅದನ್ನೇ ಮಾಡಿದ್ದೆನಾದ್ದರಿಂದ ಆ ಪೆನ್ಸಿಲ್ ಗುರುತುಗಳನ್ನು ಕಂಡು ನಗು ಬಂತು. ಒಡನೆಯೇ ಮನಸ್ಸು ಭಾರವಾಯಿತು.

ಹುಡುಗನಿಗೆ ಬೆರಳಿನ ಸ್ಥಾನಗಳು ಗೊತ್ತಿದ್ದವು, ಕಾರಣ ಗೊತ್ತಿರಲಿಲ್ಲ. ನಮ್ಮ ಸ್ವರಗಳಲ್ಲಿ ಹೇಳಿದೆ. ಷಡ್ಜದ ಮೇಲೆ ಕಟ್ಟಿದ ಮೇಳದಲ್ಲಿ ಸ, ಗ, ಪ. ಮಧ್ಯಮದ ಮೇಲಿನದರಲ್ಲಿ ಮ, ಧ, ಸ. ಪಂಚಮದ ಮೇಲಿನದರಲ್ಲಿ ಪ, ನಿ, ರಿ. ಲೆಕ್ಕ ಹಾಕಿ ನೋಡಿ: ಮೂರೇ ಮೇಳಗಳಲ್ಲಿ ಸಪ್ತಸ್ವರಗಳೂ ಅಡಗಿವೆ. ಆದುದರಿಂದಲೇ ಮೂರು ಹಿಡಿತ ಕಲಿತವನು ನೂರಾರು ಜನಪದ ಗೀತೆಗಳಿಗೆ ಜೊತೆ ನೀಡಬಲ್ಲ. ಅರಿಸ್ಟಾಟಲ್ ತನ್ನ ನೀತಿಶಾಸ್ತ್ರದ ಎರಡನೆಯ ಭಾಗದಲ್ಲಿ, ಮನುಷ್ಯನು ಕಿಥಾರವನ್ನು ನುಡಿಸಿ ನುಡಿಸಿಯೇ ಕಿಥಾರವಾದಕನಾಗುವಂತೆ ನ್ಯಾಯದ ಕೃತ್ಯಗಳನ್ನು ಮಾಡಿ ಮಾಡಿಯೇ ನ್ಯಾಯವಂತನಾಗುತ್ತಾನೆ ಎನ್ನುತ್ತಾನೆ. ಗಿಟಾರ್ ಎಂಬ ಹೆಸರಿನ ಮೂಲವೂ ಆ ಕಿಥಾರವೇ. ತತ್ವಶಾಸ್ತ್ರದ ತರಗತಿಯಲ್ಲಿ ಈ ಭಾಗವನ್ನು ಓದಿದಾಗ ನನಗೆ ಹೆಚ್ಚು ತಟ್ಟಿದ್ದು ಅದರ ಮುಂದಿನ ಮಾತು: ಕೆಟ್ಟ ವಾದಕನಾಗುವುದೂ ನುಡಿಸುವುದರಿಂದಲೇ. ತಪ್ಪನ್ನೇ ದಿನವೂ ಅಭ್ಯಾಸ ಮಾಡುವವನನ್ನು ಯಾವ ಪುಸ್ತಕವೂ ತಡೆಯಲಾರದು.

ಇನ್ನು ಪ್ರಶ್ನೆಗೆ ಬರೋಣ. ನಮ್ಮ ಗಾನವೃಂದದ ಹಿರಿಯರ ಆಕ್ಷೇಪಣೆ ಸ್ಪಷ್ಟವಾಗಿತ್ತು: “ಇದು ಲೌಕಿಕ ಹಾಡು, ಲೌಕಿಕ ವಾದ್ಯ, ಅದರ ಮೇಲೆ ಇಂಗ್ಲಿಷ್. ಬಲಿಪೂಜೆಗೆ ಹೊಂದುವುದೇ ಸ್ವಾಮಿ?” ಇವರ ಮಾತನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಹತ್ತನೆಯ ಭಕ್ತಿನಾಥರು, ಅಂದರೆ ಹತ್ತನೇ ಪಯಸ್ ಜಗದ್ಗುರುಗಳು, 1903ರಲ್ಲಿ ಪಿಯಾನೋವನ್ನೇ ದೇವಾಲಯದಿಂದ ಹೊರಗಿಟ್ಟಿದ್ದರು. 1967ರ ರೋಮಿನ ಸೂಚನಾಪತ್ರವೂ ಕೇವಲ ಲೌಕಿಕ ಸಂಗೀತಕ್ಕೆ ಸಲ್ಲುವ ವಾದ್ಯಗಳನ್ನು ಆರಾಧನೆಯಿಂದ ದೂರವಿರಿಸುತ್ತದೆ. ಆದರೆ ಯಾವುದು ಲೌಕಿಕ ಎಂಬುದನ್ನು ಆಯಾ ಜನರ ರೂಢಿಯಿಂದಲೇ ಅಳೆಯಬೇಕೆಂದೂ ಅದೇ ಪತ್ರ ಹೇಳುತ್ತದೆ. ನಾವು ಪ್ರತಿ ಕ್ರಿಸ್ಮಸ್ಸಿನಲ್ಲಿಯೂ ಕಣ್ಣು ತುಂಬಿ ಹಾಡುವ ‘ಸೈಲೆಂಟ್ ನೈಟ್’ ಗೀತೆಯನ್ನು 1818ರ ಡಿಸೆಂಬರ್ 24ರಂದು ಆಸ್ಟ್ರಿಯದ ಓಬೆರ್ನ್‌ಡಾರ್ಫ್ ಎಂಬ ಊರಿನ ಸಂತ ನಿಕೋಲಾಸರ ದೇವಾಲಯದಲ್ಲಿ ಮೊದಲು ಹಾಡಿದಾಗ ಜೊತೆಗಿದ್ದ ವಾದ್ಯ ಗಿಟಾರ್. ನುಡಿಸಿದವರು ಸಹಾಯಕ ಗುರು ಜೋಸೆಫ್ ಮೋರ್. ಇದನ್ನು ಹೇಳಿದಾಗ ನಮ್ಮ ಹಿರಿಯರು ಅರೆಗಳಿಗೆ ಸುಮ್ಮನಾದರು. ಆನಂತರ, “ಅವರು ನಿಧಾನವಾಗಿ ನುಡಿಸಿರಬೇಕು” ಎಂದರು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಹಾಡುವವನು ಎರಡು ಬಾರಿ ಪ್ರಾರ್ಥಿಸುತ್ತಾನೆ ಎಂಬ ಮಾತನ್ನು ನಾವೆಲ್ಲರೂ ಸಂತ ಅಗಸ್ಟೀನರ ಹೆಸರಿನಲ್ಲಿ ಹೇಳುತ್ತೇವೆ. ಆ ಮಾತು ಅದೇ ರೂಪದಲ್ಲಿ ಅವರ ಬರಹಗಳಲ್ಲಿ ಇಲ್ಲ. ಅವರು ನಿಜವಾಗಿ ಬರೆದಿರುವುದು ಇದಕ್ಕಿಂತ ಕಠಿಣವಾದುದು. ತಮ್ಮ ಆತ್ಮನಿವೇದನೆಯ ಹತ್ತನೆಯ ಭಾಗದಲ್ಲಿ, ಹಾಡಿದ ವಿಷಯಕ್ಕಿಂತ ಹಾಡುಗಾರಿಕೆಯೇ ತಮ್ಮನ್ನು ಹೆಚ್ಚು ಕಲಕಿದಾಗ ತಾವು ಪಾಪಗೈದಂತೆ ಎಂದು ಒಪ್ಪಿಕೊಳ್ಳುತ್ತಾರೆ.

ಈ ಪಾಪದಲ್ಲಿ ನನಗೂ ಪಾಲಿದೆ. ಗುರುದೀಕ್ಷೆ ಪಡೆದ ಹೊಸತರಲ್ಲಿ ಮಲೆನಾಡಿನ ಒಂದು ಧರ್ಮಕೇಂದ್ರದಲ್ಲಿ ಯುವಕರನ್ನು ಕೂಡಿಸಿ, ಮೂರು ತಿಂಗಳು ತಾಲೀಮು ನಡೆಸಿ, ಹಬ್ಬದ ಪೂಜೆಗೆ ಗಿಟಾರ್ ಸಹಿತ ಹೊಸ ಹಾಡುಗಳನ್ನು ಸಿದ್ಧಪಡಿಸಿದ್ದೆ. ಪೂಜೆ ಮುಗಿದ ಮೇಲೆ ಎಲ್ಲರೂ ಹೊಗಳಿದರು. ತೋಟದ ಕೆಲಸದ ಒಬ್ಬ ಅಜ್ಜಿ ಮಾತ್ರ ಹತ್ತಿರ ಬಂದು, “ಬಹಳ ಚೆನ್ನಾಗಿತ್ತು ಸ್ವಾಮಿ. ನಾವು ಹಾಡೋದು ಯಾವಾಗ?” ಎಂದರು. ವ್ಯಂಗ್ಯವಿರಲಿಲ್ಲ; ನಿಜವಾಗಿಯೂ ಕೇಳಿದ್ದರು. ದ್ವಿತೀಯ ವ್ಯಾಟಿಕನ್ ಮಹಾಸಭೆ 1963ರಲ್ಲಿ ಭಕ್ತಜನರ ಸಕ್ರಿಯ ಪಾಲ್ಗೊಳ್ಳುವಿಕೆಯ ಬಗ್ಗೆ ಹೇಳಿದುದನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದ ನನಗೆ ಅದರ ಅರ್ಥವಾದದ್ದು ಅಂದು.

ತಿಂಗಳ ಪೂಜೆಗೆ ನಾನು ಕೈಗೊಂಡ ತೀರ್ಮಾನ ಹೀಗಿತ್ತು. ಸೀಗರ್ 1959ರ ಸುಮಾರಿಗೆ ರಾಗ ಹಾಕಿದ ಆ ಗೀತೆಯ ಮಾತುಗಳು ಬಹುಮಟ್ಟಿಗೆ ಪವಿತ್ರ ಬೈಬಲಿನವು. ಉಪದೇಶಕನ ಗ್ರಂಥದ, ಕೆಲವರು ಪ್ರಸಂಗಿ ಎನ್ನುವ ಗ್ರಂಥದ, ಮೂರನೆಯ ಅಧ್ಯಾಯದ ಮೊದಲ ಎಂಟು ವಚನಗಳು. ಹುಟ್ಟಲು, ಸಾಯಲು, ಅಳಲು, ನಗಲು ಒಂದೊಂದು ಕಾಲವಿದೆ ಎನ್ನುವ ಭಾಗ. ಪಲ್ಲವಿಯ ಕರೆಯೂ ಕೊನೆಯಲ್ಲಿ ಶಾಂತಿಯ ಕುರಿತ ಕೆಲವೇ ಮಾತುಗಳೂ ಅವರವು. ಆದುದರಿಂದ ಪೂಜೆಯ ಮೊದಲ ವಾಚನವಾಗಿ ಆ ಭಾಗವನ್ನೇ ಕನ್ನಡದಲ್ಲಿ ಹುಡುಗ ಓದಲಿ. ಹಾಡನ್ನು ಪೂಜೆಯ ನಂತರ ಸಮಾಧಿಯ ಬಳಿ ಹಾಡಲಿ. ಗಾನವೃಂದದ ಹಿರಿಯರಿಗೆ ಇದು ಹೆಚ್ಚಾಯಿತು, ಹುಡುಗನಿಗೆ ಕಡಿಮೆಯಾಯಿತು. ಸರಿಯೋ ತಪ್ಪೋ, ನನಗೆ ತೋಚಿದ್ದು ಅಷ್ಟೇ.

ಸಮಾಧಿಯ ಬಳಿ ಮೂರನೆಯ ಚರಣಕ್ಕೆ ಬರುವಷ್ಟರಲ್ಲಿ ಹುಡುಗನ ಗಂಟಲು ಕಟ್ಟಿತು. ಬಲಗೈ ಮಾತ್ರ ಆಡುತ್ತಿತ್ತು, ದನಿ ಹೊರಡಲಿಲ್ಲ. ಆಗ ತಾಯಿ ಪಲ್ಲವಿಯನ್ನು ಎತ್ತಿಕೊಂಡರು. ಅವರಿಗೆ ಇಂಗ್ಲಿಷ್ ಬಾರದು. ಇಪ್ಪತ್ತು ವರ್ಷ ಅಡುಗೆಮನೆಯಿಂದ ಕೇಳಿ ಕೇಳಿ ಬಂದದ್ದನ್ನು, ಬಂದ ಉಚ್ಚಾರಣೆಯಲ್ಲಿಯೇ ಹಾಡಿದರು. ಮನೆಯವರು ಸೇರಿದರು, ನೆರೆಯವರು ಸೇರಿದರು. ಆಕ್ಷೇಪಿಸಿದ್ದ ನಮ್ಮ ಹಿರಿಯರು ಹಾಡಲಿಲ್ಲ. ಆದರೆ ಬೇಲಿಯ ಬಳಿ ಟೋಪಿಯನ್ನು ಕೈಯಲ್ಲಿ ಹಿಡಿದು ಕೊನೆಯವರೆಗೂ ನಿಂತಿದ್ದರು.

ಈಗ ಆ ಹುಡುಗ ಭಾನುವಾರದ ಪೂಜೆಗೆ ನುಡಿಸುತ್ತಾನೆ. ನಮ್ಮ ಕನ್ನಡ ಗೀತೆಗಳಿಗೆ ಗಿಟಾರ್ ಹೊಂದಿಸುವುದು ಪುಸ್ತಕದಲ್ಲಿ ಇರುವಷ್ಟು ಸುಲಭವಲ್ಲ. ಮೋಹನ ರಾಗದ ಛಾಯೆಯಿರುವ ಹಾಡನ್ನು ತೆಗೆದುಕೊಳ್ಳಿ. ಅದರಲ್ಲಿ ಮಧ್ಯಮವೂ ನಿಷಾದವೂ ಇಲ್ಲ. ಹಿಂದೆ ಹೇಳಿದ ಮೂರು ಮೇಳಗಳನ್ನು ಅಲ್ಲಿ ತುರುಕಿದರೆ, ರಾಗ ಬಿಟ್ಟ ಸ್ವರಗಳು ತಂತಿಯಿಂದ ಹೊರಡುತ್ತವೆ. ಕೇಳುವವರಿಗೆ ಏನೋ ಇರುಸುಮುರುಸು. ಅದಕ್ಕೆ ನಾವು ಕಂಡುಕೊಂಡ ದಾರಿಯಿದು: ಆರನೆಯ ತಂತಿಯನ್ನು ಒಂದು ಸ್ವರ ಇಳಿಸಿ ಡಿ ಮಾಡಿಕೊಂಡರೆ ಕೆಳಗಿನ ಶ್ರುತಿಯ ಮೂರು ತಂತಿಗಳು ಡಿ, ಎ, ಡಿ ಆಗುತ್ತವೆ. ಅಂದರೆ ಸ, ಪ, ಸ. ಎಡಗೈಗೆ ಕೆಲಸವೇ ಇಲ್ಲದೆ ಗಿಟಾರು ತಂಬೂರಿಯಂತೆ ಮಿಡಿಯುತ್ತದೆ, ಹಾಡು ತನ್ನ ಪಾಡಿಗೆ ತಾನು ಸಾಗುತ್ತದೆ.

ಮತ್ತೊಂದು ತೊಡಕು ಶ್ರುತಿಯದು. ಧ್ವನಿಮುದ್ರಿಕೆಯಲ್ಲಿ ಹಾಡಿದವರು ತರಬೇತಿ ಪಡೆದ ಗಾಯಕರು. ಅದೇ ಎತ್ತರದಲ್ಲಿ ನಾವು ಆರಂಭಿಸಿದರೆ ಅನುಪಲ್ಲವಿಯಲ್ಲಿಯೇ ಅರ್ಧ ಸಭೆ ಬಾಯಿ ಮುಚ್ಚುತ್ತದೆ. ಗಿಟಾರಿನ ಕತ್ತಿಗೆ ಕೇಪೋ ಎಂಬ ಹಿಡಿಕೆಯನ್ನು ಹಾಕಿದರೆ ಒಂದೊಂದು ಮೆಟ್ಟಿಗೆ ಅರ್ಧ ಸ್ವರ ಏರುತ್ತದೆ. ಬೆರಳಿನ ಹಿಡಿತ ಮಾತ್ರ ಬದಲಾಗದು. ನಮ್ಮ ಹುಡುಗ ನಾಲ್ಕನೆಯ ಮೆಟ್ಟಿನಲ್ಲಿ ಹಾಕಿಕೊಂಡು ಬರುತ್ತಿದ್ದ. ಶನಿವಾರದ ಅಭ್ಯಾಸದಲ್ಲಿ ಎರಡಕ್ಕೆ ಇಳಿಸಿದೆವು. ಕಳೆದ ಭಾನುವಾರ ಕಾಣಿಕೆ ಗೀತೆಯಲ್ಲಿ ಹಿಂದಿನ ಸಾಲುಗಳ ಬೆಂಚುಗಳಿಂದಲೂ ದನಿ ಕೇಳಿಬಂತು. ಪೂಜೆಯ ನಂತರ ನಮ್ಮ ಹಳೆಯ ಆಕ್ಷೇಪಣೆಯ ಹಿರಿಯರು ಪೂಜಾವಸ್ತ್ರಗಳ ಕೋಣೆಯ ಬಾಗಿಲಿಗೆ ಬಂದು ಹುಡುಗನಿಗೇ ಹೇಳಿದರು: “ಮಗೂ, ಇನ್ನೂ ಒಂದು ಮೆಟ್ಟು ಇಳಿಸಪ್ಪ. ನನಗೆ ಎಪ್ಪತ್ತೆರಡು ವರ್ಷ.”