ಜಂಪ್ ಕೊಡದೆ ಏಳದ ಗಾಡಿ

ನಮ್ಮ ವಾಚನಾಲಯಕ್ಕೆ ಬರುವವರಲ್ಲಿ ಟ್ಯಾಕ್ಸಿ ನಡೆಸಿ ಹೊಟ್ಟೆ ಹೊರೆಯುವವರಿದ್ದಾರೆ. ಸಾಹೇಬರ ಕಾರಿಗೆ ಡ್ರೈವರಾಗಿರುವವರೂ ಇದ್ದಾರೆ. ಬೆಳಿಗ್ಗೆ ಗಾಡಿ ಏಳದಿದ್ದರೆ ಅಂದಿನ ಸಂಪಾದನೆಗೆ ಕಲ್ಲು ಬಿದ್ದಂತೆ. ಪಕ್ಕದ ಗಾಡಿಯಿಂದ ತಂತಿ ಎಳೆದು ಜಂಪ್ ಕೊಟ್ಟರೆ ಹೊರಡುತ್ತದೆ. ಮರುದಿನ ಮತ್ತೆ ಅದೇ ಪಾಡು. ಗ್ಯಾರೇಜಿನವರು “ಬ್ಯಾಟರಿ ಹೋಗಿದೆ, ಹೊಸದು ಹಾಕಿಸಿ” ಎನ್ನುತ್ತಾರೆ. ಸಾವಿರಗಟ್ಟಲೆ ರೂಪಾಯಿ ಎಣಿಸುವ ಮೊದಲು ಸ್ವಲ್ಪ ವಿಚಾರ ಮಾಡುವುದು ಲೇಸು.

ಜಂಪ್ ಕೊಟ್ಟೊಡನೆ ಇಂಜಿನು ಏಳುತ್ತದೆಂದರೆ ಸೆಲ್ಫ್ ಮೋಟಾರು ಬಹುಮಟ್ಟಿಗೆ ನೆಟ್ಟಗಿದೆಯೆಂದೇ ತಿಳಿಯಬೇಕು. ಕೊರತೆಯಿರುವುದು ಕರೆಂಟಿನದು.

ಮೊದಲು ಬಾನೆಟ್ ಎತ್ತಿ ಬ್ಯಾಟರಿಯ ಟರ್ಮಿನಲ್ ನೋಡಿರಿ. ಬಿಳಿಯ ಇಲ್ಲವೆ ಹಸಿರು ಪುಡಿ ಹಿಡಿದಿದ್ದರೆ, ಬಿಗಿ ಸಡಿಲಿದ್ದರೆ, ಒಳ್ಳೆಯ ಬ್ಯಾಟರಿಯೂ ಸತ್ತಂತೆ ಕಾಣುತ್ತದೆ. ಜಂಪಿನ ಕ್ಲಿಪ್ಪು ಆ ಕೊಳೆಯನ್ನು ದಾಟಿ ಕಚ್ಚಿಕೊಳ್ಳುವುದರಿಂದ ಗಾಡಿ ಎದ್ದುಬಿಡುತ್ತದೆ. ನಾವು ಮೋಸ ಹೋಗುತ್ತೇವೆ. ಕಪ್ಪು ತಂತಿಯನ್ನು ಮೊದಲು ಬಿಚ್ಚಿ, ಅಡಿಗೆ ಸೋಡ ಕಲಸಿದ ನೀರಿನಿಂದ ಉಜ್ಜಿ, ಒಣಗಿಸಿ, ಬಿಗಿದು ಕಟ್ಟಿದರೆ ಎಷ್ಟೋ ಗಾಡಿಗಳ ರೋಗ ಅಲ್ಲಿಗೇ ವಾಸಿ.

ವಾಸಿಯಾಗದಿದ್ದರೆ ಮೀಟರು ಬೇಕು. ರಾತ್ರಿಯೆಲ್ಲ ನಿಂತ ಗಾಡಿಯ ಬ್ಯಾಟರಿ ತುಂಬಿದ್ದರೆ ಸುಮಾರು 12.6 ವೋಲ್ಟ್ ತೋರಿಸುತ್ತದೆ. 12ಕ್ಕಿಂತ ಕೆಳಗಿದ್ದರೆ ಬಹುತೇಕ ಬರಿದಾಗಿದೆ. ಇಂಜಿನು ಓಡುತ್ತಿರುವಾಗ ಸಾಮಾನ್ಯವಾಗಿ 13.8ರಿಂದ 14.5 ಇರಬೇಕು. 12ರಲ್ಲೇ ನಿಂತು ಇಳಿಯುತ್ತ ಹೋದರೆ ತಪ್ಪು ಆಲ್ಟರ್ನೇಟರಿನದು, ಅದರ ಬೆಲ್ಟಿನದು ಅಥವಾ ವಯರಿಂಗಿನದು. ಇಂಥ ಗಾಡಿಗೆ ಹೊಸ ಬ್ಯಾಟರಿ ಹಾಕಿದರೂ ಅದೂ ಬೇಗನೆ ಮಲಗುತ್ತದೆ. ಹಣ ದಂಡವಾಗುವುದು ಇಲ್ಲಿಯೇ.

ಚಾರ್ಜು ಸರಿಯಾಗಿದ್ದೂ ಬೆಳಿಗ್ಗೆ ಏಳದಿದ್ದರೆ, ಬ್ಯಾಟರಿಯನ್ನು ಪೂರ್ತಿ ಚಾರ್ಜು ಮಾಡಿ, ಒಂದು ರಾತ್ರಿ ಕಪ್ಪು ತಂತಿಯನ್ನು ಕಳಚಿಡಿರಿ. (ಕೀಲಿಕೈ ಮಾತ್ರ ಜೇಬಿನಲ್ಲಿರಲಿ.) ಬೆಳಿಗ್ಗೆ ಜೋಡಿಸಿದಾಗ ಸರಾಗವಾಗಿ ಎದ್ದರೆ, ಡಿಕ್ಕಿಯ ದೀಪವೋ ಆಮೇಲೆ ಕೂಡಿಸಿದ ಸ್ಟೀರಿಯೋವೋ ರಾತ್ರಿಯೆಲ್ಲ ಕರೆಂಟು ಕುಡಿಯುತ್ತಿದೆಯೆಂದು ಅರ್ಥ. ಆಗಲೂ ಏಳದಿದ್ದರೆ ಬ್ಯಾಟರಿಯ ಮೇಲೆ ಅನುಮಾನ ಪಡಬಹುದು. ಚೆನ್ನೈಯಂಥ ಸೆಖೆಯ ಊರಿನಲ್ಲಿ ಅದರ ಆಯುಷ್ಯವೇ ಕಡಿಮೆ.

ಇಂಜಿನು ಓಡುತ್ತಿರುವಾಗ ಟರ್ಮಿನಲ್ ಕಿತ್ತು ಪರೀಕ್ಷಿಸುವ ಹಳೆಯ ಪದ್ಧತಿ ಡೈನಮೋ ಕಾಲದ್ದು. ಈಗಿನ ಗಾಡಿಯಲ್ಲಿ ಎಲೆಕ್ಟ್ರಾನಿಕ್ ಭಾಗಗಳು ಸುಟ್ಟುಹೋಗಬಹುದು. ಜಂಪ್ ಕೊಡುವಾಗಲೂ ಕೊನೆಯ ಕಪ್ಪು ಕ್ಲಿಪ್ಪನ್ನು ಏಳದ ಗಾಡಿಯ ಇಂಜಿನಿನ ಲೋಹಕ್ಕೆ, ಬ್ಯಾಟರಿಯಿಂದ ದೂರವಾಗಿ ಹಾಕತಕ್ಕದ್ದು. ಬ್ಯಾಟರಿಯಿಂದ ಜಲಜನಕ ಹೊರಡುತ್ತದೆ, ಒಂದು ಕಿಡಿ ಸಾಕು. ಬೀಡಿಯಂತೂ ಹತ್ತಿರ ಬೇಡವೇ ಬೇಡ.