ಹಾಸಿಗೆ ಹಿಡಿದವರ ಆರೈಕೆಗೂ ಪಾಳಿ ಬೇಕು

ಪಾರ್ಶ್ವವಾಯು ಬಡಿದ ತಂದೆಯನ್ನೋ ತಾಯಿಯನ್ನೋ ಆಸ್ಪತ್ರೆಯವರು ಕೆಲವು ದಿನಗಳಲ್ಲಿ ಮನೆಗೆ ಕಳಿಸುತ್ತಾರೆ. ನಿಜವಾದ ಕೆಲಸ ಆರಂಭವಾಗುವುದು ಅಂದಿನಿಂದ. ಊರಿನಲ್ಲಾದರೆ ಅತ್ತಿಗೆ, ಚಿಕ್ಕಮ್ಮ, ನೆರೆಯವರು ಎಂದು ನಾಲ್ಕು ಕೈಗಳಿರುತ್ತವೆ. ಪರಸ್ಥಳದ ಒಂದೇ ಖೋಲಿಯ ಸಂಸಾರದಲ್ಲಿ ಭಾರವೆಲ್ಲ ಬಹುತೇಕ ಮನೆಯ ಹೆಂಗಸೊಬ್ಬಳ ಮೇಲೆ ಬೀಳುತ್ತದೆ. ಆಕೆಯೇ ಸೋತು ಮಲಗಿದರೆ ರೋಗಿಯ ಗತಿಯೇನು? ಆದುದರಿಂದ ಗಿರಣಿಯಲ್ಲಿರುವಂತೆ ಆರೈಕೆಗೂ ಪಾಳಿ ಇರುವುದು ಅವಶ್ಯ.

ಮೊದಲು ಕೆಲಸವೆಷ್ಟೆಂದು ತಿಳಿಯೋಣ. ತಾವಾಗಿ ಹೊರಳಲಾರದವರನ್ನು ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸಬೇಕು. ಇಲ್ಲವಾದರೆ ಸೊಂಟ, ಬೆನ್ನಿನ ಕೆಳತುದಿ, ಹಿಮ್ಮಡಿ ಮೊದಲಾದ ಮೂಳೆ ಒತ್ತುವ ಕಡೆ ರಕ್ತಸಂಚಾರ ತಡೆದು ಹುಣ್ಣಾಗುತ್ತದೆ. ಚರ್ಮ ಕೆಂಪಗೋ ಕಪ್ಪಗೋ ಆಗಿ ಹಾಗೆಯೇ ಉಳಿದರೆ ಅದು ಹುಣ್ಣಿನ ಮುನ್ಸೂಚನೆ. ಅಲ್ಲಿ ತಿಕ್ಕಬಾರದು, ಭಾರ ಬೀಳಗೊಡಬಾರದು. ಮಲಗಿಸಿ ಉಣಿಸಬಾರದು. ನೆಟ್ಟಗೆ ಕೂರಿಸಿ ಸಣ್ಣ ತುತ್ತುಗಳಲ್ಲಿ ಉಣಿಸಿ, ಉಂಡ ಮೇಲೂ ಅರ್ಧ ಗಂಟೆ ಹಾಗೆಯೇ ಕೂರಿಸಬೇಕು. ನುಂಗುವಾಗ ಕೆಮ್ಮು ಬರುತ್ತಿದ್ದರೆ ಅನ್ನನೀರು ಶ್ವಾಸಕೋಶಕ್ಕೆ ಇಳಿಯುವ ಅಪಾಯವುಂಟು. ಕೂಡಲೆ ವೈದ್ಯರಿಗೆ ತಿಳಿಸತಕ್ಕದ್ದು.

ಹೊರಳಿಸುವ ಕೆಲಸವೊಂದೇ ದಿನಕ್ಕೆ 12 ಸಲ! ಒಬ್ಬರಿಂದ ಇದು ಸಾಧ್ಯವೇ? ರಾತ್ರಿ 10 ಮತ್ತು 12ರ ಸರದಿಯನ್ನು ಯಜಮಾನರು, 2 ಮತ್ತು 4ರ ಸರದಿಯನ್ನು ಬೆಳೆದ ಮಗ ವಹಿಸಿಕೊಂಡರೆ ಹಗಲೆಲ್ಲ ದುಡಿದಾಕೆಗೆ ನಿದ್ದೆ ಸಿಗುತ್ತದೆ. ರಾತ್ರಿಪಾಳಿಯವರು ಹಗಲಿನ ಸರದಿ ಹಿಡಿಯಲಿ. ದೂರದಲ್ಲಿರುವ ಅಣ್ಣತಮ್ಮಂದಿರು ಹಣ ಕಳಿಸಲಿ, ಇಲ್ಲವೆ ಹದಿನೈದು ದಿನ ಬಂದು ನಿಲ್ಲಲಿ. ಇದನ್ನೆಲ್ಲ ಮೊದಲೇ ಮಾತನಾಡಿ ಗೊತ್ತುಮಾಡಿಕೊಂಡರೆ ಮನಸ್ತಾಪವಿಲ್ಲ.

ಒಂದು ನೋಟುಬುಕ್ಕನ್ನು ಹಾಸಿಗೆಯ ಬಳಿ ಇಡಿರಿ. ಗಂಟೆ, ಯಾವ ಮಗ್ಗುಲು, ಔಷಧಿ, ಊಟ, ಮಲಮೂತ್ರ, ಮಾಡಿದವರ ಸಹಿ – ಹೀಗೆ ಮಸ್ಟರಿನಂತೆ ಮನೆ ಎಳೆಯಿರಿ. ಒಂದೇ ಮಾತ್ರೆಯನ್ನು ಇಬ್ಬರು ಕೊಡುವ ಪ್ರಮಾದ ತಪ್ಪುತ್ತದೆ. ವೈದ್ಯರಿಗೂ ವಿವರ ದೊರೆಯುತ್ತದೆ. ರೋಗಿ ಚೇತರಿಸಿಕೊಂಡಂತೆ ಕಂಡರೂ ರಕ್ತದೊತ್ತಡದ ಮಾತ್ರೆಯನ್ನು ವೈದ್ಯರನ್ನು ಕೇಳದೆ ನಿಲ್ಲಿಸಕೂಡದು.

70 ವರ್ಷ ತುಂಬಿದವರಿಗೆ, ಆದಾಯ ಎಷ್ಟೇ ಇರಲಿ, ಆಯುಷ್ಮಾನ್ ಕಾರ್ಡು ಕೊಡುವ ಯೋಜನೆ 2024ರ ಅಕ್ಟೋಬರಿನಲ್ಲಿ ಆರಂಭವಾಯಿತು. ಅದು ಆಸ್ಪತ್ರೆಗೆ ಸೇರಿದಾಗಿನ ಖರ್ಚಿಗೆ. ಮನೆಯ ಆರೈಕೆಯ ಖರ್ಚು ನಮ್ಮದೇ. ಕಾರ್ಡನ್ನೂ ಹಳೆಯ ಚೀಟಿಗಳನ್ನೂ ಒಂದೇ ಚೀಲದಲ್ಲಿಡಿ.

ಕಡೆಯದಾಗಿ ಒಂದು ಮಾತು. ದುಡಿಯುವ ನಮಗೆ ವಾರಕ್ಕೊಂದು ರಜೆಯುಂಟು. ಆರೈಕೆ ಮಾಡುವಾಕೆಗೆ ವಾರದಲ್ಲಿ ಅರ್ಧ ದಿನವಾದರೂ ಬಿಡುವು ಬೇಡವೇ? ಆ ಅರ್ಧ ದಿನವನ್ನೂ ನೋಟುಬುಕ್ಕಿನಲ್ಲಿ ಬರೆದಿಡಿರಿ.